ಅಮ್ಮನ ರಾತ್ರಿ ಮಾತ್ರೆ

ಅಮ್ಮನಿಗೆ ಮತ್ತೆ ರಕ್ತ ಹೋಗತೊಡಗಿತ್ತು. ಮುಟ್ಟು ನಿಂತು ವರ್ಷಗಳಾಗಿದ್ದ ಹೆಂಗಸಿಗೆ. ನನಗೆ ಹೇಳಿರಲಿಲ್ಲ. ಬಚ್ಚಲಲ್ಲಿ ಬಕೆಟ್ಟಿನ ನೀರು ಕೆಂಪಗಿದ್ದದ್ದನ್ನು ಕಂಡು ನಾನೇ ಕೇಳಿದೆ.

"ಏನಿಲ್ಲ ಮಗಾ, ಉಷ್ಣ ಅಷ್ಟೇ," ಅಂದಳು.

ನಮ್ಮಮ್ಮನಿಗೆ ಹಲ್ಲುನೋವೂ ಉಷ್ಣ, ತಲೆಸುತ್ತೂ ಉಷ್ಣ. ಅಪ್ಪ ಎದೆ ಹಿಡಿದುಕೊಂಡು ಬಿದ್ದು ಸತ್ತಾಗಲೂ ಉಷ್ಣ ಜಾಸ್ತಿ ಆಗಿತ್ತು ಅಂದಿದ್ದಳು.

"ಉಷ್ಣ ಆದ್ರೆ ಮೂಗಲ್ಲಿ ಬರತ್ತೆ. ಸುಳ್ಳು ಹೇಳ್ಬೇಡ. ನಡಿ ಆಸ್ಪತ್ರೆಗೆ."

"ಹೋದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ."

"ನಿಲ್ಲಿಸ್ಲಿ."

"ನಿಲ್ಲಿಸಿದ್ರೆ ನೀನೇನ್ ಮಾಡ್ತೀಯ?"

ಅವಳು ಹಾಗೆ ಯಾಕೆ ಕೇಳಿದಳು ಅಂತ ಹೇಳುತ್ತೇನೆ. ಹೇಳುವಾಗ ಸಿಟ್ಟು ಬರುತ್ತದೆ. ಬರಲಿ.

ನಾನು ಹುಟ್ಟಿದಾಗ ಗಂಡು ಅಂದರು. ಅಂದವರದೇ ತಪ್ಪು. ಅದು ನನಗೆ ಮೊದಲು ತಿಳಿಯಿತು, ಆಮೇಲೆ ಓಣಿಗೆ ತಿಳಿಯಿತು. ಅಮ್ಮನಿಗೆ ಯಾವಾಗ ತಿಳಿಯಿತೋ, ಅವಳು ಇವತ್ತಿಗೂ ಹೇಳಿಲ್ಲ. ಒಂದು ಬೆಳಿಗ್ಗೆ ನನ್ನ ಶರ್ಟುಗಳನ್ನೆಲ್ಲ ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು. ತನ್ನ ಟ್ರಂಕಿನಲ್ಲಿದ್ದ ಒಳ್ಳೆಯ ಸೀರೆ ಎರಡು ತೆಗೆದು ನನ್ನ ಗೂಟಕ್ಕೆ ನೇತುಹಾಕಿದಳು. ಅಷ್ಟೇ. ಮೊದಲೂ ಮಗಾ ಅನ್ನುತ್ತಿದ್ದಳು, ಈಗಲೂ ಅನ್ನುತ್ತಾಳೆ. ಪಕ್ಕದ ಮನೆಯವಳು ಮೂತಿ ತಿರುವಿ, "ಹೆತ್ತೋರಿಗೆ ಹೆಗ್ಗಣ ಮುದ್ದು" ಅಂದಳು. ಅಮ್ಮ ಪಾತ್ರೆ ತಿಕ್ಕುತ್ತಲೇ, "ಹೌದು ಕಣಮ್ಮ, ನಿಮ್ಮನೇಲೂ ನಾಲ್ಕಿದಾವಲ್ಲ, ನೀನೂ ಮುದ್ದಾಡ್ಕೋ" ಅಂದಳು. ಆಮೇಲೆ ಆ ಬಾಗಿಲಿಂದ ಮಾತು ಬರಲಿಲ್ಲ.

ನಾನು ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಹಾಕುತ್ತೇನೆ. ಬೆಳಿಗ್ಗೆ ನಿಂತರೆ ಸಂಜೆಯೇ ಕೂರುವುದು. ಹಬೆ ಮುಖಕ್ಕೆ ಹೊಡೆಯುತ್ತದೆ. ಇಸ್ತ್ರಿ ಪೆಟ್ಟಿಗೆಯ ಭಾರಕ್ಕೆ ಬಲ ಭುಜ ಇಳಿದಿದೆ. ಕಾಲಿನ ನರ ಗಂಟು ಕಟ್ಟಿದೆ. ಹೆಂಗಸರ ಕಕ್ಕಸಿಗೆ ಹೋಗಕೂಡದು ಅಂದಿದ್ದಾರೆ. ಗಂಡಸರದ್ದಕ್ಕೆ ನಾನು ಹೋಗುವುದಿಲ್ಲ, ಹೋದ ಒಂದು ದಿನ ಸಾಕಾಗಿದೆ. ಅದಕ್ಕೆ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದಿಲ್ಲ. ಹಬೆಯೊಳಗೆ ಬೆಂದು, ಬಾಯಿ ಒಣಗಿಸಿಕೊಂಡು, ಇನ್ಯಾರದೋ ಮೈಮೇಲೆ ಹೋಗುವ ಬಟ್ಟೆಯ ಸುಕ್ಕು ತೆಗೆಯುತ್ತೇನೆ. ಮೊದಲ ಸಲ ಕಿವಿಗೆ ಓಲೆ ಹಾಕಿಕೊಂಡು ಹೋದ ದಿನ ಸೂಪರ್ವೈಸರ್ ಎಲ್ಲರಿಗೂ ಕೇಳುವಂತೆ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂದ. ಸಾಲಿನವರೆಲ್ಲ ನಕ್ಕರು. ಓಲೆ ತೆಗೆಯಲಿಲ್ಲ.

ಓಲೆ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮೈಗೆ ಬೇಕು. ನಮಗೆ ಬೇಕಾದ ಹಾರ್ಮೋನು ಎರಡು. ಒಂದು ಈಸ್ಟ್ರೋಜನ್, ಇನ್ನೊಂದು ಪ್ರೊಜೆಸ್ಟರಾನ್. ನಮ್ಮವರ ಬಾಯಲ್ಲಿ ಬೆಳಗಿಂದು, ರಾತ್ರಿದು. ನನಗೆ ಇದರ ಪಾಠ ಹೇಳಿದವಳು ಪಟಾಕಿ. ನನಗಿಂತ ಮೊದಲು ಈ ದಾರಿ ತುಳಿದವಳು, ಬಾಯಿ ಬಿಟ್ಟರೆ ಸಿಡಿಯುತ್ತಾಳೆ, ಅದಕ್ಕೇ ಆ ಹೆಸರು.

"ಬೆಳಗಿಂದು ಮೈ ನಯ ಮಾಡತ್ತೆ ಕಣೇ. ರಾತ್ರಿದು ಎದೆ ತುಂಬ್ಸತ್ತೆ. ಎರಡೂ ಬೇಕು."

"ಯಾವ್ದೆಷ್ಟು?"

"ನಾನ್ ತಗೊಳೋಷ್ಟು ನೀನೂ ತಗೋ."

"ನಿನ್ ಮೈ ಬೇರೆ, ನನ್ ಮೈ ಬೇರೆ ಅಲ್ವೇನೇ? ನಿಂಗ್ಯಾರು ಹೇಳಿದ್ರು?"

"ನಂಗೆ ಹೇಳಿದೋಳಿಗೆ ಇನ್ಯಾರೋ ಹೇಳಿದ್ರು. ಲಾಯರ್ ಥರ ಕೇಳ್ಬೇಡ, ನುಂಗು."

ನಮ್ಮ ವೈದ್ಯಶಾಸ್ತ್ರ ಇಷ್ಟೇ. ಬೆಳಗಿನದನ್ನು ಮೆಡಿಕಲ್ ಶಾಪಿನವನು ಗಿರಾಕಿಗಳಿಲ್ಲದಾಗ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ರಾತ್ರಿಯದನ್ನು ಮಾತ್ರ, "ಚೀಟಿ ತಗೊಂಬಾ, ಇಲ್ದಿದ್ರೆ ನನ್ ಅಂಗಡಿ ಮುಚ್ಚಿಸ್ತಾರೆ" ಅಂದ. ಚೀಟಿಗೆ ಆಸ್ಪತ್ರೆಗೆ ಹೋದೆ.

ಹಾರ್ಮೋನಿನ ಚೀಟಿ ಬರೆಯುವವರು ಆ ಆಸ್ಪತ್ರೆಯಲ್ಲಿ ಒಬ್ಬರೇ, ಹೆಂಗಸರ ವಿಭಾಗದ ದೊಡ್ಡ ಡಾಕ್ಟರು. ಅವರು ನಮ್ಮಂಥವರನ್ನು ಎಲ್ಲ ದಿನ ನೋಡುವುದಿಲ್ಲ. ಡಾಕ್ಟರಿಕೆ ಓದುವ ಹುಡುಗ ಹುಡುಗಿಯರಿಗೆ ಪಾಠವಿರುವ ದಿನ ಮಾತ್ರ ನೋಡುತ್ತಾರೆ. ಪಾಠಕ್ಕೆ ಮೈ ಕೊಟ್ಟರೆ ಪರೀಕ್ಷೆ. ಈ ನಿಯಮ ಯಾವ ಗೋಡೆಯ ಮೇಲೂ ಇಲ್ಲ. ಕಿಟಕಿಯಲ್ಲಿ ಕೂತವನು ನಮ್ಮನ್ನು ಕಂಡ ಕೂಡಲೇ, "ನೀವಾ? ಕ್ಲಾಸಿನ ದಿನ ಬನ್ನಿ" ಅನ್ನುತ್ತಾನೆ. ಅಷ್ಟರಲ್ಲೇ ಎಲ್ಲ ಮುಗಿಯುತ್ತದೆ.

ಕ್ಲಾಸಿನ ದಿನ ಹೋದೆ. ಮೇಜಿನ ಮೇಲೆ ಹತ್ತಿಸಿದರು. ಬಿಚ್ಚು ಅಂದರು. ಬಿಚ್ಚಿದೆ. ಕೆಳಗಿನದೂ ಅಂದರು. ಅದನ್ನೂ ಬಿಚ್ಚಿದೆ. ಎಳೆ ಮೀಸೆಯ ಹುಡುಗರು, ನನ್ನ ವಯಸ್ಸಿನ ಹುಡುಗಿಯರು, ಎಲ್ಲ ಸುತ್ತ ನಿಂತರು. ದೊಡ್ಡ ಡಾಕ್ಟರು ಪೆನ್ನಿನ ತುದಿಯಲ್ಲಿ ನನ್ನ ಎದೆ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಪೆನ್ನು ಕೆಳಗಿಳಿಯಿತು. ಮತ್ತೆ ಇಂಗ್ಲಿಷು. ಮೇಜು ತಣ್ಣಗಿತ್ತು. ಸಂತೆಗೆ ತಂದ ದನದ ಹಲ್ಲನ್ನಾದರೂ ಕೊಳ್ಳುವ ಮನಸ್ಸಿದ್ದವರು ನೋಡುತ್ತಾರೆ. ಇವರಿಗೆ ಅದೂ ಇರಲಿಲ್ಲ.

ಆದರೂ ಕೇಳಿದೆ. ಬಂದದ್ದೇ ಕೇಳುವುದಕ್ಕೆ.

"ಸರ್, ಎರಡನ್ನೂ ಹೇಗೆ ತೂಗಿಸ್ಕೊಂಡು ತಗೋಬೇಕು? ರಕ್ತ ಪರೀಕ್ಷೆ ಮಾಡಿ ಯಾವ್ದೆಷ್ಟು ಅಂತ ಬರ್ಕೊಡಿ."

"ಪ್ರೊಜೆಸ್ಟರಾನ್ ಯಾಕಪ್ಪಾ ನಿಂಗೆ? ಗರ್ಭಕೋಶ ಇದ್ಯಾ?" ಅಂದರು.

ಕ್ಲಾಸು ಗೊಳ್ಳೆಂದಿತು. ಒಬ್ಬಳು ಬಾಯಿಗೆ ಪುಸ್ತಕ ಅಡ್ಡ ಹಿಡಿದಳು. ದೊಡ್ಡ ಡಾಕ್ಟರು ನಗು ನಿಲ್ಲುವ ತನಕ ಕಾದು, ಮತ್ತೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಎಲ್ಲ ಬರೆದುಕೊಂಡರು. ನನಗೆ ಕನ್ನಡದಲ್ಲಿ ಹೇಳಿದ್ದು ಒಂದೇ, ಮನಸ್ಸಿನ ಡಾಕ್ಟರ ಸರ್ಟಿಫಿಕೇಟು ತಾ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಮನೆಯ ಗಂಡಸರ ಒಪ್ಪಿಗೆ ತಾ ಅಂದರು. ಅಪ್ಪ ಸತ್ತಿದ್ದಾರೆ ಅಂದೆ. ಹಾಗಾದರೆ ದೊಡ್ಡ ಡಾಕ್ಟರನ್ನೇ ಕೇಳು ಅಂದರು. ಗಾಣದ ಎತ್ತಿಗಾದರೂ ಕೊನೆಗೆ ಹಿಂಡಿ ಸಿಗುತ್ತದೆ. ನನಗೆ ಚೀಟಿ ಸಿಗಲಿಲ್ಲ.

ಅದೇ ದಿನಗಳಲ್ಲಿ ಅಮ್ಮನಿಗೆ ಉರಿ ಶುರುವಾಯಿತು. ಅವಳು ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಬಿಸಿನೀರು, ಸೋಪಿನ ಪುಡಿ, ಸೊಂಟದೆತ್ತರದ ಹಂಡೆಗಳು. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬೆಂಕಿ ಹತ್ತಿಕೊಂಡು, ಬೆವರಿ, ಎದೆ ಹೊಡೆದುಕೊಂಡು, ತೊಟ್ಟಿಯ ಪಕ್ಕವೇ ಕುಸಿದು ಕೂರುತ್ತಿದ್ದಳು. ಈ ಸಲದ ಉಷ್ಣ ನಿಜವಾದ ಉಷ್ಣ. ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ದೊಡ್ಡ ಡಾಕ್ಟರು. ಕೂತ್ಕೊಳ್ಳಮ್ಮ ಅಂದರು. ಫ್ಯಾನು ತಿರುಗಿಸಿದರು. ಮುಟ್ಟು ನಿಂತಿದ್ದು ಯಾವಾಗ ಅಂತ ಮೆಲ್ಲಗೆ ಕೇಳಿದರು. ಚೀಟಿ ಬರೆದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಸರ್ಟಿಫಿಕೇಟು ಕೇಳಲಿಲ್ಲ. ಗಂಡಸರ ಒಪ್ಪಿಗೆ ಕೇಳಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನ ಗುರುತು ಅವರಿಗೆ ಹತ್ತಲಿಲ್ಲ. ಬಟ್ಟೆ ಹಾಕಿಕೊಂಡಿದ್ದೆನಲ್ಲ.

ಮನೆಗೆ ಬಂದು ಮಾತ್ರೆಯ ಹಾಳೆ ತಿರುಗಿಸಿ ಓದಿದೆ. ಒಂದು ಈಸ್ಟ್ರೋಜನ್. ಇನ್ನೊಂದು ಪ್ರೊಜೆಸ್ಟರಾನ್. ಮೊದಲು ನಗು ಬಂತು. ಆಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅದೇ ಡಾಕ್ಟರು, ಅದೇ ಪೆನ್ನು, ಅದೇ ಮದ್ದು. ನನಗೆ ಮಾತ್ರ ಮೇಜು ಹತ್ತಿ ಬೆತ್ತಲಾಗು ಅಂದಿದ್ದರು.

ಅಮ್ಮ ನನ್ನನ್ನೇ ನೋಡುತ್ತಿದ್ದಳು. "ನೀ ಹುಡುಕ್ತಿದ್ದಿದ್ದು ಇದೇನಾ?" ಅಂದಳು.

ತಲೆಯಾಡಿಸಿದೆ.

ನಾಲ್ಕು ದಿನ ಎರಡನ್ನೂ ತಿಂದು ನೋಡಿದಳು. ಐದನೆಯ ದಿನ ರಾತ್ರಿಯದನ್ನು ನನ್ನ ಅಂಗೈಗಿಟ್ಟಳು.

"ಇದನ್ನ ತಗೊಂಡ್ರೆ ನಂಗೆ ಬರೀ ತೂಕಡಿಕೆ, ಬೆಳಿಗ್ಗೆ ಏಳೋಕೇ ಆಗಲ್ಲ. ಬೆಳಗಿಂದು ಒಂದಿದ್ರೆ ಸಾಕು, ಉರಿ ನಿಂತಿದೆ. ತಗೋ."

"ಡಾಕ್ಟ್ರು ಎರಡೂ ಬರ್ದಿದಾರಲ್ಲಮ್ಮ."

"ಅವ್ರಿಗೇನು, ಕೈ ತುರಿಕೆ, ಬರೀತಾರೆ. ಬೆಳಗಿಂದು ಉರಿಗೆ. ರಾತ್ರಿದು ನಿದ್ದೆಗೆ. ನಿದ್ದೆ ನಂಗೆ ದಂಡಿಯಾಗಿ ಬರತ್ತೆ. ತಗೋ ಅಂದ್ನಲ್ಲ."

ಊಟಕ್ಕೆ ಕೂತಾಗ ದೊಡ್ಡ ತುಂಡನ್ನು ನನ್ನ ತಟ್ಟೆಗೆ ತಳ್ಳುತ್ತಾಳಲ್ಲ, ಹಾಗೆಯೇ ಕೊಟ್ಟಳು. ನಾನು ತೆಗೆದುಕೊಂಡೆ. ರಾತ್ರಿಯ ಮಾತ್ರೆ ನಿದ್ದೆಗೆ ಅಂತ ಅವಳು ತಿಳಿದಳು, ಎದೆಗೆ ಅಂತ ನಾನು ತಿಳಿದೆ. ಅದು ಯಾತಕ್ಕೆ ಅಂತ ನಮಗಿಬ್ಬರಿಗೂ ಯಾರೂ ಹೇಳಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಖುಷಿಯಿತ್ತು. ತಿಂಗಳುಗಳು ಕಳೆದಂತೆ ಕೆನ್ನೆ ನಯವಾಯಿತು. ಸ್ನಾನ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವುದು ಬಿಟ್ಟೆ. ಆದರೆ ಒಂದು ಬಂದರೆ ಇನ್ನೊಂದು ಕೆಡುತ್ತಿತ್ತು. ಹೊಟ್ಟೆ ಉಬ್ಬರಿಸಿತು. ಎದೆ ತುಂಬಿತೋ ಇಲ್ಲವೋ, ಕಣ್ಣಂತೂ ತುಂಬಿಯೇ ಇರುತ್ತಿತ್ತು. ಕಾಲರು ತಿರುಗಿಸುವಾಗ ಸುಮ್ಮನೆ ಅಳು ಬರುತ್ತಿತ್ತು. ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಒಂದು ಮಧ್ಯಾಹ್ನ ಹಾಗೇ ತೂಕಡಿಸುವಾಗ, ಇಸ್ತ್ರಿ ಪೆಟ್ಟಿಗೆ ಎಡ ಮಣಿಕಟ್ಟಿನ ಮೇಲೆ ಕೂತಿತು. ಚರ್ಮ ಬಟ್ಟೆಗೆ ಅಂಟಿ ಬಂತು. ಸೂಪರ್ವೈಸರ್ ಓಡಿ ಬಂದು ನೋಡಿದ್ದು ಶರ್ಟನ್ನು. "ಪೀಸ್ ಹಾಳಾಯ್ತಲ್ಲೋ" ಅಂದ. ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಜಾಸ್ತಿ, ಬೆಳಗಿನದೇ ಸಾಕಾ, ರಾತ್ರಿಯದು ನನಗೆ ಬೇಕೇ ಬೇಕಾ? ಪಟಾಕಿಯನ್ನು ಕೇಳಿದರೆ ಇನ್ನೊಂದು ಹಾಕ್ಕೋ ಅನ್ನುತ್ತಾಳೆ. ಡಾಕ್ಟರನ್ನು ಕೇಳಬೇಕೆಂದರೆ ಮೇಜು ಹತ್ತಬೇಕು. ಅತ್ತ ದರಿ, ಇತ್ತ ಪುಲಿ.

ಆಗ ಬಕೆಟ್ಟಿನ ನೀರು ಕೆಂಪಗಾಯಿತು.

ಮೂರು ದಿನ ಅಮ್ಮ ಹಟ ಹಿಡಿದಳು. ನಾಲ್ಕನೆಯ ದಿನ ಕ್ಯಾಂಟೀನಿನಲ್ಲಿ ಬವಳಿ ಬಂದು ಬಿದ್ದಳು. ಜೊತೆಯವರು ಆಟೋದಲ್ಲಿ ತಂದು ಬಿಟ್ಟರು. ಅದೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ನನ್ನ ಕೈ ಹಿಡಿದು, "ಮಾತ್ರೆ ವಿಷ್ಯ ಬಾಯ್ಬಿಟ್ರೆ ನನ್ ಮೇಲಾಣೆ" ಅಂದಳು. ಕೈ ಹಿಮದ ಹಾಗಿತ್ತು.

ದೊಡ್ಡ ಡಾಕ್ಟರ ಕೋಣೆಯಲ್ಲಿ ಅವರ ಹಿಂದೆ ಮೂವರು ಕಲಿಯುವವರು ನಿಂತಿದ್ದರು. ಬಾಗಿಲ ಹತ್ತಿರ ನರ್ಸಮ್ಮ. ಅಮ್ಮ ಕುರ್ಚಿಯ ತುದಿಯಲ್ಲಿ, ಕೆಳಗೆ ಬಟ್ಟೆ ಹಾಸಿಕೊಂಡು ಕೂತಳು.

"ಎರಡೂ ಮಾತ್ರೆ ತಪ್ಪದೆ ತಗೊಂಡ್ರಾ?"

"ತಗೊಂಡೆ ಸ್ವಾಮಿ."

"ರಾತ್ರಿದೂ?"

"ದಿನಾ ತಗೊಂಡೆ."

ದೊಡ್ಡ ಡಾಕ್ಟರು ಹಿಂದೆ ತಿರುಗಿ ಕಲಿಯುವವರಿಗೆ ಏನೋ ಹೇಳಿ, ಮತ್ತೆ ಅಮ್ಮನ ಕಡೆ ಬಂದರು. "ಎರಡೂ ಸರಿಯಾಗಿ ತಗೊಂಡೂ ಇಷ್ಟು ಹೋಗ್ತಿದೆ ಅಂದ್ರೆ ಒಳಗೆ ಕೆಟ್ಟದ್ದೇನೋ ಇರಬಹುದಮ್ಮ. ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಗರ್ಭಕೋಶನೇ ತೆಗೀಬೇಕಾಗಬಹುದು."

"ತೆಗೀರಿ ಸ್ವಾಮಿ," ಅಂದಳು ಅಮ್ಮ. "ಇನ್ನದಕ್ಕೇನು ಕೆಲಸ."

ಮಾತ್ರೆ ಕೊಟ್ಟ ಹಾಗೆಯೇ ಅದನ್ನೂ ಕೊಟ್ಟುಬಿಡುತ್ತಿದ್ದಳು. ನನ್ನ ಒಂದು ಮಾತ್ರೆ ತಪ್ಪಬಾರದು ಅಂತ ಹೊಟ್ಟೆ ಕುಯ್ಯಿಸಿಕೊಳ್ಳಲು ತಯಾರಾಗಿ ಕೂತಿದ್ದಳು. ಆಣೆ ಹಾಳಾಗಿ ಹೋಗಲಿ ಅಂದುಕೊಂಡೆ.

"ಸುಳ್ಳು ಸರ್. ಬೆಳಗಿಂದು ಮಾತ್ರ ಅವ್ಳು ತಗೊಂಡಿದ್ದು. ರಾತ್ರಿದು ನಾನು ತಗೊಂಡೆ."

ಆಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗುರುತು ಹತ್ತಿತು.

"ಓ. ನೀನಾ? ತಾಯಿ ಮಾತ್ರೆ ಕದ್ದು ತಿಂದ್ಯಾ?"

"ಕದ್ದಿಲ್ಲ," ಅಮ್ಮ ಅಂದಳು. "ನಾ ಕೊಟ್ಟಿದ್ದು."

"ಕೊಟ್ರಾ? ತಲೆ ಇದ್ಯೇನ್ರೀ ನಿಮಗೆ? ಬೆಳಗಿಂದು ಗರ್ಭಕೋಶದ ಒಳಪದರನ ಬೆಳೆಸತ್ತೆ. ರಾತ್ರಿದು ಅದನ್ನ ಹಿಡಿದು ನಿಲ್ಲಿಸತ್ತೆ. ಒಂದನ್ನೇ ನುಂಗಿದ್ರೆ ಬೆಳೀತಾನೇ ಹೋಗತ್ತೆ. ರಕ್ತ ಹೋಗತ್ತೆ, ಕ್ಯಾನ್ಸರೂ ಆಗಬಹುದು. ಇಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಗರ್ಭಕೋಶ ಇದ್ಯಾ ಅಂತ ಕ್ಲಾಸಿನಲ್ಲಿ ನಗಿಸಿದರಲ್ಲ, ಆ ನಗೆಯೊಳಗೆ ನಮ್ಮಮ್ಮನ ಜೀವ ಉಳಿಸುವ ಮಾತು ಇತ್ತು. ಅದನ್ನು ಕಲಿಯುವವರಿಗೆ ಬಿಡಿಸಿ ಹೇಳಿದ್ದರು. ನಮಗೆ ನಗು ಮಾತ್ರ ಕೊಟ್ಟು ಕಳಿಸಿದ್ದರು. ನನಗೆ ನನ್ನ ಮೇಲೂ ಅಸಹ್ಯವಾಯಿತು.

"ಇವ್ರನ್ನ ಮೇಲೆ ಹತ್ತಿಸಿ," ಅಂತ ನರ್ಸಮ್ಮನಿಗೆ ಹೇಳಿ, ದೊಡ್ಡ ಡಾಕ್ಟರು ಕಲಿಯುವವರ ಕಡೆ ತಿರುಗಿದರು. "ಅದಕ್ಕೆ ಮುಂಚೆ ಇದನ್ನೂ ನೋಡ್ಬಿಡಿ. ತಮ್ಮಷ್ಟಕ್ಕೆ ತಾವೇ ಮಾತ್ರೆ ನುಂಗಿದ್ರೆ ಏನಾಗತ್ತೆ ಅಂತ. ಏಯ್, ಬಿಚ್ಚು."

"ಬಿಚ್ಚಲ್ಲ."

"ಏನು?"

"ಬಿಚ್ಚಲ್ಲ ಅಂದೆ. ಹೋದ್ಸಲ ಬಿಚ್ದೆ. ಏನ್ ಕೊಟ್ರಿ? ನನ್ ರಕ್ತ ತಗೊಳ್ಳಿ, ಪರೀಕ್ಷೆ ಮಾಡಿ. ಯಾವ್ದು ಬೇಕು, ಯಾವ್ದು ಬೇಡ, ಎಷ್ಟು, ಅದನ್ನ ಹೇಳಿ. ಅದು ಹೇಳೋಕೆ ಎಷ್ಟು ನೋಡ್ಬೇಕೋ ಅಷ್ಟು, ನೀವೊಬ್ರೇ, ಬಾಗ್ಲು ಹಾಕಿ ನೋಡಿ. ಇವ್ರಿಗೆಲ್ಲ ತೋರ್ಸೋಕೆ ನಾನ್ ಬಂದಿಲ್ಲ."

"ಇದು ಕಲಿಸೋ ಆಸ್ಪತ್ರೆ."

"ನಮ್ಮಮ್ಮನ್ನ ಕೂತ್ಕೊಳ್ಳಿ ಅಂದ್ರಲ್ಲ, ಅದನ್ನೂ ಕಲ್ಸಿ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಹೊರಗೆ ಕಾಯುತ್ತಿದ್ದವರು ಬಾಗಿಲ ಸಂದಿಯಲ್ಲಿ ಇಣುಕಿದರು. ಕಲಿಯುವವರಲ್ಲಿ ಒಬ್ಬಳು ನೆಲ ನೋಡುತ್ತಿದ್ದಳು.

"ಆಚೆ ಹೋಗು," ಅಂದರು ದೊಡ್ಡ ಡಾಕ್ಟರು. "ತಾಯಿ ಮಾತ್ರ ಇರ್ಲಿ. ಅಮ್ಮ, ನೀವು ಹತ್ತಿ. ಹೊತ್ತಾಗ್ತಿದೆ."

ಅಮ್ಮ ಎದ್ದಳು. ಮೇಜಿನ ಹತ್ತಿರ ಹೋಗಲಿಲ್ಲ. ಕುರ್ಚಿಯ ಮೇಲೆ ಹಾಸಿದ್ದ ಬಟ್ಟೆಯನ್ನು ಮಡಿಸಿದಳು, ಒಣಗಿದ ಕಡೆ ಮೇಲೆ ಮಾಡಿ ಹಾಸಿದಳು, ಮತ್ತೆ ಕೂತಳು.

"ಅವಳಿಗೆ ಬರೀರಿ. ಆಮೇಲೆ ಹತ್ತೀನಿ."

"ನಿಮ್ಮ ಜೀವಕ್ಕೆ ಅಪಾಯ ಇದೆ ಕಣ್ರೀ!"

"ಅವಳ್ದೂ ಜೀವನೇ. ಇವತ್ತು ನನ್ನ ರಿಪೇರಿ ಮಾಡಿ ಕಳಿಸ್ತೀರ. ಅವ್ಳು ನಾಳೆ ಇನ್ಯಾರ್ದೋ ಮಾತ್ರೆ ನುಂಗ್ತಾಳೆ. ಅದೂ ಇಲ್ದಿದ್ರೆ ಸೀಮೆಎಣ್ಣೆ ಕುಡೀತಾಳೆ. ನಾನ್ ಯಾರಿಗೋಸ್ಕರ ಬದುಕ್ಲಿ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹೆದರಿಕೆ ಬಂತು. ಕುರ್ಚಿಯ ಕಾಲಿನ ಪಕ್ಕ ನೆಲದ ಮೇಲೆ ಒಂದು ಹನಿ ಬಿದ್ದಿತ್ತು. ನಾನು ಮಂಡಿಯೂರಿ ಕೂತು ಅವಳ ಪಾದ ಹಿಡಿದೆ.

"ಅಮ್ಮ, ಹತ್ತಮ್ಮ. ನಿನ್ ದಮ್ಮಯ್ಯ. ನಂಗೇನೂ ಬೇಡ. ನಾನು ಹೇಗೋ ಇರ್ತೀನಿ. ಬೇಕಾದ್ರೆ ಬಿಚ್ತೀನಿ, ನೋಡ್ಕೊಳ್ಲಿ. ಹತ್ತಮ್ಮ."

"ಸುಮ್ನಿರೇ," ಅಂದಳು. ನನ್ನ ಹೆಗಲ ಮೇಲೆ ಕೈ ಊರಿಕೊಂಡಳು. ಬೀಳದ ಹಾಗೆ ಊರಿಕೊಂಡದ್ದು ಅಂತ ನನಗೆ ಮಾತ್ರ ಗೊತ್ತಾಯಿತು.

ದೊಡ್ಡ ಡಾಕ್ಟರು ನರ್ಸಮ್ಮನಿಗೆ ಕೈ ಮಾಡಿದರು. ಅವಳು ಒಂದು ಅಚ್ಚಿನ ಕಾಗದ, ಶಾಯಿಯ ಡಬ್ಬಿ ತಂದಿಟ್ಟಳು.

"ಚಿಕಿತ್ಸೆ ಬೇಡ ಅಂತ ನೀವೇ ಹೇಳಿದೀರಿ ಅಂತ ಇದ್ರಲ್ಲಿದೆ. ಹೆಬ್ಬೆಟ್ಟು ಒತ್ತಿ ಹೋಗಿ. ನಾಳೆ ಏನಾದ್ರೂ ಆದ್ರೆ ನಮ್ಮ ಮೇಲೆ ಬರಬಾರ್ದು."

ಅಮ್ಮ ಶಾಯಿಯ ಡಬ್ಬಿಯನ್ನು ನೋಡಿದಳು. ಸೋಪಿನ ನೀರಲ್ಲಿ ಸವೆದು ಗೆರೆಯೇ ಉಳಿಯದ ಬೆರಳಿನಿಂದ ಅದನ್ನು ಮೇಜಿನ ಆಚೆ ಬದಿಗೆ, ಅವರ ಕಡೆಗೆ ತಳ್ಳಿದಳು.

"ನಾನು ಬೇಡ ಅಂದಿಲ್ಲ ಸ್ವಾಮಿ. ಅವಳೂ ಬೇಡ ಅಂದಿಲ್ಲ. ಬೇಕು ಬೇಕು ಅಂತ ಬಾಗ್ಲು ಬಡ್ಕೊಂಡೇ ಬಂದಿದೀವಿ. ಆಗಲ್ಲ ಅಂತಿರೋರು ನೀವು. ನೀವೇ ಒತ್ತಿ."

ಬಾಗಿಲು ಈಗ ಪೂರ್ತಿ ತೆರೆದಿತ್ತು. ಸಾಲಿನಲ್ಲಿದ್ದ ಹೆಂಗಸರು ಒಳಗೆ ಬಂದು ಗೋಡೆಗಾನಿ ನಿಂತಿದ್ದರು. ನರ್ಸಮ್ಮ ಅವರನ್ನು ಹೊರಗೆ ಕಳಿಸಲಿಲ್ಲ. ನೆಲದ ಮೇಲೆ ಇನ್ನೊಂದು ಹನಿ ಬಿತ್ತು. ಎಲ್ಲರೂ ನೋಡಿದರು, ದೊಡ್ಡ ಡಾಕ್ಟರೂ ನೋಡಿದರು. ಹಣೆ ಒರೆಸಿಕೊಂಡರು. ಅದು ಕರುಣೆಯಲ್ಲ, ಅಷ್ಟು ನನಗೂ ತಿಳಿಯುತ್ತದೆ. ಇಷ್ಟು ಜನರ ಕಣ್ಣೆದುರು ಒಬ್ಬಳು ಹೆಂಗಸು ಕುರ್ಚಿಯಲ್ಲೇ ಸತ್ತರೆ ಅನ್ನುವ ಭಯ. ಭಯವಾದರೂ ಸರಿ. ಅವರು ಕಲಿಯುವವರಿಗೆ ಹೊರಗೆ ಹೋಗಿ ಅಂದರು. ಚೀಟಿಯ ಪುಸ್ತಕ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದು, ಕಾಗದದ ಮೇಲೆ ಬಗ್ಗಿಕೊಂಡೇ ಗೊಣಗಿದರು.

"ಏನೇನ್ ನುಂಗ್ತಿದೀಯ? ಎಷ್ಟೆಷ್ಟು?"

ನಾನು ಬಾಯಿ ತೆರೆದೆ. ಅಮ್ಮ ನನ್ನ ಹೆಗಲು ಅಮುಕಿ ತಡೆದಳು.

"ಮುಖ ನೋಡಿ ಕೇಳಿ ಸ್ವಾಮಿ," ಅಂದಳು.